ಎಸ್‌ಡಿಆರ್‌ನಲ್ಲಿ ಹ್ಯಾಮ್ ರೇಡಿಯೋ ಆಲಿಸುವುದು: ಬರೀ 'ಸುಂಯ್' ಸದ್ದು ಕೇಳಿ ಸೋತವರಿಗೆ ಹಂತಹಂತದ ಮಾರ್ಗದರ್ಶಿ

ಹ್ಯಾಮ್ ಎಂದರೆ ಲೈಸೆನ್ಸ್ ಪಡೆದ ಹವ್ಯಾಸಿಗಳು ತಮ್ಮತಮ್ಮಲ್ಲಿ ಮಾತಾಡುವ ರೇಡಿಯೋ; ಎಸ್‌ಡಿಆರ್ ಎಂದರೆ ಯುಎಸ್‌ಬಿಗೆ ಚುಚ್ಚುವ ಪುಟ್ಟ ಡಾಂಗಲ್ಲಿನಿಂದ ಕಂಪ್ಯೂಟರನ್ನೇ ರೇಡಿಯೋ ಮಾಡುವ ವಿಧಾನ. ಡಾಂಗಲ್ ಬಂತು, ಸಾಫ್ಟ್‌ವೇರ್ ಹಾಕಿದ್ದಾಯಿತು, ಹ್ಯಾಮ್‌ಗಳು ಮಾತಾಡುವ 145 ಮೆಗಾಹರ್ಟ್ಸ್‌ಗೆ ಟ್ಯೂನ್ ಮಾಡಿದ್ದೂ ಆಯಿತು. ಕೇಳುವುದು ಮಾತ್ರ ಬರೀ 'ಸುಂಯ್' ಸದ್ದು. ಹೊಸಬರು ಹೆಚ್ಚಾಗಿ ಕೈಬಿಡುವುದು ಇಲ್ಲೇ. ಡ್ರೈವರ್, ಗೇನ್ (ಸಿಗ್ನಲ್ ಹಿಗ್ಗಿಸುವ ಪ್ರಮಾಣ), ಆಂಟೆನಾ, ಮನೆಯೊಳಗಿನ ವಿದ್ಯುತ್ ಗದ್ದಲ ಇವು ಯಾವುದನ್ನೂ ಪರೀಕ್ಷಿಸದೆ, ಆ ಹೊತ್ತಿಗೆ ಯಾರೂ ಮಾತಾಡದೇ ಇರಬಹುದಾದ ಫ್ರೀಕ್ವೆನ್ಸಿಗೆ ನೇರ ಹೋಗಿ ಕೂತರೆ ತಪ್ಪು ಎಲ್ಲಿದೆಯೆಂದು ಪತ್ತೆ ಹಚ್ಚಲು ದಾರಿಯೇ ಇರುವುದಿಲ್ಲ.

ಹಾಗಾಗಿ ಖಂಡಿತ ಇರುವ ಸಿಗ್ನಲ್‌ನಿಂದ ಶುರು ಮಾಡಿ, ಇರಲೂಬಹುದು ಇಲ್ಲದಿರಲೂಬಹುದು ಎಂಬ ಸಿಗ್ನಲ್ ಕಡೆಗೆ ಹೋಗಬೇಕು. ಒಂದು ಹಂತ ಸರಿಯಾಗದೆ ಮುಂದಿನದಕ್ಕೆ ಕೈ ಹಾಕಬೇಡಿ. ಇಲ್ಲಿನ ಉದಾಹರಣೆಗಳು ಕಾಸರಗೋಡು ಜಿಲ್ಲೆಯ ಮಂಜೇಶ್ವರ, ಕುಂಬಳೆಯ ಕರಾವಳಿ ಮತ್ತು ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ತೋಟದ ಮನೆಗಳಿಗೆ ಹೊಂದುವಂಥವು.

ಬೇಕಾದ ಸಾಮಾನು

ಡಾಂಗಲ್: 'ಆರ್‌ಟಿಎಲ್-ಎಸ್‌ಡಿಆರ್ ಬ್ಲಾಗ್' ಬ್ರಾಂಡಿನ ವಿ3 ಅಥವಾ ವಿ4. ಎರಡರಲ್ಲೂ 1 ಪಿಪಿಎಂ (ಹತ್ತು ಲಕ್ಷಕ್ಕೊಂದು) ನಿಖರತೆಯ ಆಸಿಲೇಟರ್ ಇದೆ, ಲೋಹದ ಹೊದಿಕೆ ಇದೆ. ಶಾರ್ಟ್‌ವೇವ್ ಮುಖ್ಯವಾಗಿದ್ದರೆ ವಿ4 ತೆಗೆದುಕೊಳ್ಳಿ. ಕಾರಣ 7ನೇ ಹಂತದಲ್ಲಿದೆ. ಹೊರಗಿನಿಂದ ಥೇಟ್ ಹಾಗೇ ಕಾಣುವ ನಕಲಿ ಮಾಲು ಮಾರುಕಟ್ಟೆಯಲ್ಲಿ ಧಾರಾಳವಾಗಿದೆ, ನೋಡಿಕೊಂಡು ಕೊಳ್ಳಿ.

ಕೇಬಲ್: ಡಿಶ್ ಟಿವಿಯವರು ಎಳೆಯುವ ಆರ್‌ಜಿ-6 ಸಾಕು. ಅದು 75 ಓಮ್, ಡಾಂಗಲ್ 50 ಓಮ್ ಎಂದು ಗಾಬರಿಯಾಗಬೇಡಿ. ಆಲಿಸುವ ಕೆಲಸಕ್ಕೆ ಆ ವ್ಯತ್ಯಾಸದಿಂದಾಗುವ ನಷ್ಟ 0.2 ಡೆಸಿಬೆಲ್‌ನಷ್ಟೂ ಇಲ್ಲ. 145 ಮೆಗಾಹರ್ಟ್ಸ್‌ನಲ್ಲಿ 10 ಮೀಟರ್ ಆರ್‌ಜಿ-6 ಸುಮಾರು 1 ಡೆಸಿಬೆಲ್ ತಿಂದರೆ, ಅಷ್ಟೇ ಉದ್ದದ ಆರ್‌ಜಿ-58 ಸುಮಾರು 2 ಡೆಸಿಬೆಲ್ ತಿನ್ನುತ್ತದೆ. ತೆಳ್ಳಗಿನ ಆರ್‌ಜಿ-174 ಇನ್ನೂ ಹೆಚ್ಚು. ಆರ್‌ಜಿ-6ರ ಎಫ್ ಕನೆಕ್ಟರನ್ನು ಡಾಂಗಲ್‌ಗೆ ಜೋಡಿಸಲು ಎಫ್‌ನಿಂದ ಎಸ್‌ಎಂಎಗೆ ಹೋಗುವ ಅಡಾಪ್ಟರ್ ಬೇಕು.

ಉಳಿದದ್ದು: 1 ಅಥವಾ 2 ಮೀಟರ್ ಯುಎಸ್‌ಬಿ ಎಕ್ಸ್‌ಟೆನ್ಶನ್, ಕೊಂಡಿ ಹಾಕಿ ಮುಚ್ಚುವ ನಾಲ್ಕೈದು ಫೆರೈಟ್ (ಕೇಬಲ್‌ನಲ್ಲಿ ಹರಿದು ಬರುವ ಗದ್ದಲ ತಡೆಯುವ ತುಂಡು), ಹೆಡ್‌ಫೋನ್. ಡಾಂಗಲ್ಲನ್ನು ಲ್ಯಾಪ್‌ಟಾಪ್‌ಗೆ ನೇರ ಚುಚ್ಚಬೇಡಿ, ಲ್ಯಾಪ್‌ಟಾಪೇ ದೊಡ್ಡ ಗದ್ದಲದ ಮೂಲ.

1. ಡ್ರೈವರ್

ವಿಂಡೋಸ್‌ನಲ್ಲಿ ಡಾಂಗಲ್ ಚುಚ್ಚಿದೊಡನೆ ಅದು ಟಿವಿ ಟ್ಯೂನರ್ ಎಂದು ತಿಳಿದು ತನ್ನದೇ ಡ್ರೈವರ್ ಹಾಕಿಕೊಳ್ಳುತ್ತದೆ. ಅದನ್ನು ಬದಲಿಸಲು ಝಾಡಿಗ್ ಎಂಬ ಪುಟ್ಟ ಪ್ರೋಗ್ರಾಂ ಬೇಕು. ಝಾಡಿಗ್ ತೆರೆದು, ಆಪ್ಷನ್ಸ್‌ನಲ್ಲಿ 'ಲಿಸ್ಟ್ ಆಲ್ ಡಿವೈಸಸ್' ಗುರುತು ಹಾಕಿ, 'ಬಲ್ಕ್-ಇನ್, ಇಂಟರ್ಫೇಸ್ 0' ಆರಿಸಿ. ಯುಎಸ್‌ಬಿ ಐಡಿ 0ಬಿಡಿಎ 2838 ಇದೆಯೇ ನೋಡಿ. ಬಲಗಡೆ ವಿನ್‌ಯುಎಸ್‌ಬಿ ಇರಲಿ. ಆಮೇಲೆ 'ರಿಪ್ಲೇಸ್ ಡ್ರೈವರ್' ಒತ್ತಿ.

ಪಟ್ಟಿಯಲ್ಲಿ ನಿಮ್ಮ ಮೌಸ್, ಕೀಬೋರ್ಡ್, ಕ್ಯಾಮೆರಾ ಎಲ್ಲವೂ ಇರುತ್ತವೆ. ಐಡಿ ನೋಡದೆ ಒತ್ತಿದರೆ ಕೀಬೋರ್ಡ್ ಸತ್ತೇ ಹೋದೀತು. ಡಾಂಗಲ್ಲನ್ನು ಬೇರೆ ಯುಎಸ್‌ಬಿ ಕಿಂಡಿಗೆ ಚುಚ್ಚಿದರೆ ಕೆಲವೊಮ್ಮೆ ಇದೇ ಕೆಲಸ ಮತ್ತೆ ಮಾಡಬೇಕಾಗುತ್ತದೆ. ಲಿನಕ್ಸ್‌ನಲ್ಲಾದರೆ ತಾನಾಗಿ ಲೋಡ್ ಆಗುವ ಡಿವಿಬಿ ಮಾಡ್ಯೂಲನ್ನು ಬ್ಲಾಕ್‌ಲಿಸ್ಟ್‌ಗೆ ಸೇರಿಸಿ ಕಂಪ್ಯೂಟರ್ ಮರುಚಾಲನೆ ಮಾಡಿ.

ಸಾಫ್ಟ್‌ವೇರ್‌ಗೆ ಎಸ್‌ಡಿಆರ್ ಪ್ಲಸ್ ಪ್ಲಸ್ ಅಥವಾ ಎಸ್‌ಡಿಆರ್ ಶಾರ್ಪ್, ಯಾವುದಾದರೂ ಒಂದನ್ನು ಹಿಡಿದು ಅದನ್ನೇ ಕಲಿಯಿರಿ. ವಿ4 ಇದ್ದರೆ ಹೊಸ ಆವೃತ್ತಿಯೇ ಬೇಕು. ಹಳೆಯ ಲೈಬ್ರರಿಯಲ್ಲಿ ವಿ4 ಚಾಲೂ ಆದಂತೆ ಕಾಣುತ್ತದೆ, ಆದರೆ ಕಿವುಡಾಗಿರುತ್ತದೆ. ಸ್ಯಾಂಪಲ್ ರೇಟ್ 2.4 ಎಂಎಸ್‌ಪಿಎಸ್ (ಸೆಕೆಂಡಿಗೆ 24 ಲಕ್ಷ ಸ್ಯಾಂಪಲ್) ಇಡಿ. 3.2 ಇದೆಯಲ್ಲಾ ಎಂದು ಅದನ್ನು ಆರಿಸಿದರೆ ಡೇಟಾ ನಡುನಡುವೆ ಬಿಟ್ಟುಹೋಗಿ ದನಿ ತುಂಡಾಗುತ್ತದೆ.

2. ಖಂಡಿತ ಇರುವ ಸ್ಟೇಷನ್

ಮೋಡ್ ಡಬ್ಲ್ಯುಎಫ್‌ಎಂ (ಸಾಮಾನ್ಯ ಎಫ್‌ಎಂ ಪ್ರಸಾರದ್ದು), ಬ್ಯಾಂಡ್‌ವಿಡ್ತ್ ಸುಮಾರು 200 ಕಿಲೋಹರ್ಟ್ಸ್. ಬಡಗು ಭಾಗದವರು ಮಂಗಳೂರು ಆಕಾಶವಾಣಿಯ 100.3 ಮೆಗಾಹರ್ಟ್ಸ್ ಹಿಡಿಯಿರಿ, ತೆಂಕು ಭಾಗದವರು ಕಣ್ಣೂರಿನ 101.5. ಎರಡರ ನಡುವೆ 1.2 ಮೆಗಾಹರ್ಟ್ಸ್ ಅಷ್ಟೇ ಅಂತರ, ಮಧ್ಯದಲ್ಲಿ 100.9ಕ್ಕೆ ಇಟ್ಟರೆ ಎರಡೂ ಒಂದೇ ವಾಟರ್‌ಫಾಲ್‌ನಲ್ಲಿ (ಸಿಗ್ನಲ್‌ಗಳು ಪಟ್ಟಿಗಳಾಗಿ ಹರಿಯುವ ಪರದೆ) ಕಾಣಬೇಕು. ಒಂದೂ ಬರದಿದ್ದರೆ ತಪ್ಪು ಡ್ರೈವರ್‌ನಲ್ಲಿ, ಕನೆಕ್ಟರ್‌ನಲ್ಲಿ ಅಥವಾ ಸೊನ್ನೆಯಲ್ಲೇ ಉಳಿದ ಗೇನ್‌ನಲ್ಲಿದೆ. ಅದು ಸರಿಯಾಗುವ ತನಕ 145ರ ಆಸೆ ಬಿಡಿ.

3. ಗೇನ್

ಬಹುಪಾಲು ಸೋಲು ಇಲ್ಲೇ ಆಗುವುದರಿಂದ ಈ ಹಂತಕ್ಕೆ ಅರ್ಧ ಗಂಟೆ ಕೊಡಿ.

ಗೇನ್ ತಾನಾಗಿ ಬದಲಿಸುವ ಆರ್‌ಟಿಎಲ್ ಎಜಿಸಿ, ಟ್ಯೂನರ್ ಎಜಿಸಿ ಎರಡನ್ನೂ ಆಫ್ ಮಾಡಿ. ಕೇಬಲ್ ಮೂಲಕ ವಿದ್ಯುತ್ ಕಳಿಸುವ ಬಯಾಸ್ ಟೀ ಕೂಡ ಆಫ್ ಇರಲಿ; ಆಂಟೆನಾ ಬಳಿ ಆಂಪ್ಲಿಫೈಯರ್ ಇಟ್ಟವರಿಗೆ ಮಾತ್ರ ಅದರ ಅಗತ್ಯ. 145 ಮೆಗಾಹರ್ಟ್ಸ್‌ಗೆ ಹೋಗಿ ಗೇನ್ ಸೊನ್ನೆಯಿಂದ ಒಂದೊಂದೇ ಮೆಟ್ಟಿಲು ಏರಿಸಿ. ಗರಿಷ್ಠ 49.6 ಡೆಸಿಬೆಲ್ ತನಕ ಇದೆ. ಮೊದಮೊದಲು ತಳದ ಗದ್ದಲದ ಗೆರೆ ಅಲ್ಲಾಡುವುದಿಲ್ಲ, ಏಕೆಂದರೆ ಕಾಣುತ್ತಿರುವುದು 8 ಬಿಟ್ ಚಿಪ್ಪಿನ ಸ್ವಂತ ಗದ್ದಲ. ಎಲ್ಲೋ ಒಂದು ಕಡೆ ಗೆರೆ ಮೇಲೇಳತೊಡಗುತ್ತದೆ. ಅಲ್ಲಿಂದ ಒಂದೆರಡು ಮೆಟ್ಟಿಲು ಮೇಲಕ್ಕೆ ನಿಲ್ಲಿಸಿ. ಅದರಾಚೆ ಗೇನ್ ಹೆಚ್ಚಿಸಿದರೆ ಸಿಗ್ನಲ್, ಗದ್ದಲ ಎರಡೂ ಸಮನಾಗಿ ಏರುತ್ತವೆ, ಲಾಭವಿಲ್ಲ.

ಗೇನ್ ಅತಿಯಾದರೆ ಪ್ರಬಲ ಎಫ್‌ಎಂ ಸ್ಟೇಷನ್‌ಗಳು ಟ್ಯೂನರ್‌ನೊಳಗೆ ಕಲಸಿಹೋಗಿ, ಇಲ್ಲದ ಜಾಗದಲ್ಲಿ ಹಾಡು ಕೇಳಿಸುತ್ತದೆ. ಅದು ನಿಜವೋ ನೆರಳೋ ತಿಳಿಯಲು ಗೇನ್ 3 ಡೆಸಿಬೆಲ್‌ನಷ್ಟು ಇಳಿಸಿ ನೋಡಿ. ನಿಜದ ಸಿಗ್ನಲ್ 3 ಡೆಸಿಬೆಲ್ ಮಾತ್ರ ಇಳಿಯುತ್ತದೆ; ನೆರಳು 9ರ ಆಸುಪಾಸು ಇಳಿದು ಮಾಯವಾಗುತ್ತದೆ. ಎಫ್‌ಎಂ ಟವರ್ ಕಣ್ಣಿಗೆ ಕಾಣುವಷ್ಟು ಹತ್ತಿರದ ಮನೆಯವರು 88ರಿಂದ 108 ಮೆಗಾಹರ್ಟ್ಸ್ ತಡೆಯುವ ನಾಚ್ ಫಿಲ್ಟರ್ ಹಾಕಿಕೊಳ್ಳುವುದು ಒಳ್ಳೆಯದು.

4. ಫ್ರೀಕ್ವೆನ್ಸಿ ತಿದ್ದುಪಡಿ

1 ಪಿಪಿಎಂ ಡಾಂಗಲ್ ಇದ್ದರೆ ಇದನ್ನು ಸೊನ್ನೆಯಲ್ಲೇ ಬಿಡಿ. 145 ಮೆಗಾಹರ್ಟ್ಸ್‌ನಲ್ಲಿ ತಪ್ಪು 145 ಹರ್ಟ್ಸ್‌ಗಿಂತ ಹೆಚ್ಚಾಗದು. ಅಗ್ಗದ ಟಿವಿ ಡಾಂಗಲ್ ಆದರೆ 50 ಪಿಪಿಎಂ ತಪ್ಪು ಸಾಮಾನ್ಯ. ಅಂದರೆ 7 ಕಿಲೋಹರ್ಟ್ಸ್‌ಗೂ ಮಿಕ್ಕಿ. ಕಾಲು ಗಂಟೆ ಬಿಸಿಯಾಗಲು ಬಿಟ್ಟು, ಫ್ರೀಕ್ವೆನ್ಸಿ ಗೊತ್ತಿರುವ ರಿಪೀಟರಿನ (ಎತ್ತರದಲ್ಲಿದ್ದು ಹ್ಯಾಮ್ ಮಾತನ್ನು ಹಿಡಿದು ಮತ್ತೆ ಪ್ರಸಾರ ಮಾಡುವ ಸ್ಟೇಷನ್) ಸಿಗ್ನಲ್ ಹಿಡಿದು, ಎಷ್ಟು ಹರ್ಟ್ಸ್ ಆಚೀಚೆ ಇದೆಯೋ ಅದನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿ. 145ರಲ್ಲಿ 6000 ಹರ್ಟ್ಸ್ ವ್ಯತ್ಯಾಸವೆಂದರೆ ಸುಮಾರು 41 ಪಿಪಿಎಂ. ಕೂಡಿಸುವುದೋ ಕಳೆಯುವುದೋ ಎಂಬುದು ಸಾಫ್ಟ್‌ವೇರ್ ಮೇಲೆ ಹೋಗುತ್ತದೆ, ಎರಡನ್ನೂ ಹಾಕಿ ನೋಡಿ.

5. ಎರಡು ಮೀಟರ್ ಬ್ಯಾಂಡಿನ ಆಂಟೆನಾ

145 ಮೆಗಾಹರ್ಟ್ಸ್ ಸುತ್ತಿನ ಬ್ಯಾಂಡಿಗೆ ಅದರ ಅಲೆಯ ಉದ್ದದಿಂದ ಬಂದ ಹೆಸರು ಎರಡು ಮೀಟರ್. ಎರಡು ಕೈಗಳ ಆಂಟೆನಾ ಆದ ಡೈಪೋಲ್‌ನ ಒಟ್ಟು ಉದ್ದ ಮೀಟರ್‌ನಲ್ಲಿ: 143 ಭಾಗಿಸು ಮೆಗಾಹರ್ಟ್ಸ್. 145ಕ್ಕೆ 98.6 ಸೆಂಟಿಮೀಟರ್, ಅಂದರೆ ಒಂದೊಂದು ಕೈ 49 ಸೆಂಟಿಮೀಟರ್. ಡಾಂಗಲ್ ಕಿಟ್‌ನ ದೊಡ್ಡ ಎಳೆಯುವ ಕಡ್ಡಿಗಳನ್ನು ಟೇಪು ಹಿಡಿದು ಇಷ್ಟಕ್ಕೇ ಎಳೆಯಿರಿ. ಪೂರ್ತಿ ಎಳೆದರೆ ಹೆಚ್ಚು ಬರುತ್ತದೆ ಎಂಬುದು ತಪ್ಪು ತಿಳಿವಳಿಕೆ. ನೆಲದ ಮೇಲಿನ ಎಫ್‌ಎಂ ಮಾತುಕತೆಗೆ ಕಡ್ಡಿಗಳು ಲಂಬವಾಗಿರಬೇಕು, ಒಂದು ಮೇಲಕ್ಕೆ, ಒಂದು ಕೆಳಕ್ಕೆ.

ಉದ್ದಕ್ಕಿಂತ ಎತ್ತರ ಮುಖ್ಯ. ಎರಡು ಆಂಟೆನಾಗಳ ಎತ್ತರ ಮೀಟರ್‌ನಲ್ಲಿ ತೆಗೆದುಕೊಂಡು, ಅವುಗಳ ವರ್ಗಮೂಲ ಕೂಡಿಸಿ 4.12ರಿಂದ ಗುಣಿಸಿದರೆ ಅಡ್ಡಿಯಿಲ್ಲದ ಬಯಲಿನಲ್ಲಿ ಎಷ್ಟು ಕಿಲೋಮೀಟರ್ ಮುಟ್ಟೀತೆಂದು ಸಿಗುತ್ತದೆ. ಕೈಯಲ್ಲಿ ಸೆಟ್ ಹಿಡಿದವರ 1.5 ಮೀಟರ್ ಮತ್ತು ನಿಮ್ಮ 5 ಮೀಟರ್ ಆಂಟೆನಾ ನಡುವೆ 14 ಕಿಲೋಮೀಟರ್ ಆದರೆ, 400 ಮೀಟರ್ ಗುಡ್ಡದ ಮೇಲಿನ ರಿಪೀಟರ್ ಮತ್ತು ನಿಮ್ಮ 10 ಮೀಟರ್ ಆಂಟೆನಾ ನಡುವೆ 95.

ಆದರೆ ನಮ್ಮ ಊರು ಬಯಲಲ್ಲ. ಉಪ್ಪಳ, ಕುಂಬಳೆಯ ಕಡಲಬದಿಗೆ ಮಂಗಳೂರಿನ ದಾರಿ ಸಲೀಸು. ಬದಿಯಡ್ಕ, ಪೆರ್ಲದ ಕಡೆ ಮನೆ, ತೋಟ ಎರಡೂ ಕಣಿವೆಯಲ್ಲಿ, ಸುತ್ತ ಮುರಕಲ್ಲಿನ ಗುಡ್ಡ. ಅಂಥಲ್ಲಿ ಟೆರೇಸಿನ ಮೇಲೂ ಏನೂ ಬಾರದಿರಬಹುದು. ಸಾಮಾನು ಬದಲಿಸುವ ಮೊದಲು ಲ್ಯಾಪ್‌ಟಾಪ್ ಹಿಡಿದು ಪೊಸಡಿ ಗುಂಪೆಯಂಥ ಗುಡ್ಡ ಹತ್ತಿ ಒಮ್ಮೆ ನೋಡಿ. ಅಲ್ಲಿ ಬಂದು ಮನೆಯಲ್ಲಿ ಬಾರದಿದ್ದರೆ ದೋಷ ಜಾಗದ್ದು, ಡಾಂಗಲ್‌ನದ್ದಲ್ಲ.

ಆಂಟೆನಾ ಎತ್ತಲು ಅಡಿಕೆ ಕೊಯ್ಯುವ ದೋಟಿ ಬಳಸುವ ಯೋಚನೆ ಎಲ್ಲರಿಗೂ ಬರುತ್ತದೆ. ಕಾರ್ಬನ್ ಫೈಬರ್ ಮತ್ತು ಅಲ್ಯೂಮಿನಿಯಂ ದೋಟಿ ವಿದ್ಯುತ್ ಹರಿಸುತ್ತವೆ: ಆಂಟೆನಾದ ವರ್ತನೆ ಕೆಡಿಸುವುದು ಒಂದು, ಕರೆಂಟಿನ ಲೈನಿಗೆ ತಾಗಿದರೆ ಜೀವ ಹೋಗುವುದು ಇನ್ನೊಂದು. ಒಣಗಿದ ಬಿದಿರು ಅಥವಾ ಪಿವಿಸಿ ಪೈಪು ಸಾಕು. ಅದು ಬಿದ್ದರೂ ಲೈನಿಗೆ ಮುಟ್ಟದಷ್ಟು ದೂರದಲ್ಲಿ ನಿಲ್ಲಿಸಿ.

6. ಎರಡು ಮೀಟರ್ ಆಲಿಸುವುದು

ಭಾರತದಲ್ಲಿ ಈ ಬ್ಯಾಂಡ್ 144ರಿಂದ 146 ಮೆಗಾಹರ್ಟ್ಸ್. 145.000 ಮಧ್ಯಕ್ಕಿಟ್ಟು 2.4 ಎಂಎಸ್‌ಪಿಎಸ್ ಹಾಕಿದರೆ ಇಡೀ ಬ್ಯಾಂಡ್ ಒಂದೇ ಪರದೆಯಲ್ಲಿ ಬರುತ್ತದೆ. ಮೋಡ್ ಎನ್‌ಎಫ್‌ಎಂ (ಕಿರಿದಾದ ಎಫ್‌ಎಂ), ಬ್ಯಾಂಡ್‌ವಿಡ್ತ್ 12.5 ಕಿಲೋಹರ್ಟ್ಸ್, ಸ್ಕ್ವೆಲ್ಚ್ (ಸಿಗ್ನಲ್ ಇಲ್ಲದಾಗ ದನಿ ಮುಚ್ಚುವ ಸೌಲಭ್ಯ) ಆಫ್. ಯಾರೋ ಹೇಳಿದ ಒಂದೇ ಫ್ರೀಕ್ವೆನ್ಸಿಗೆ ಜೋತು ಬೀಳದೆ ವಾಟರ್‌ಫಾಲ್ ನೋಡುತ್ತಿರಿ. ಯಾರಾದರೂ ಪಿಟಿಟಿ (ಮಾತಾಡುವ ಗುಂಡಿ) ಒತ್ತಿದೊಡನೆ ಮೋಟು ಪಟ್ಟಿಯೊಂದು ಮೂಡುತ್ತದೆ, ಅದರ ಮೇಲೆ ಒತ್ತಿ. ಇದೇ ಎಸ್‌ಡಿಆರ್‌ನಿಂದ ಸಿಗುವ ದೊಡ್ಡ ಅನುಕೂಲ, ಹೊಸಬರು ಬಳಸದಿರುವುದೂ ಇದನ್ನೇ.

ನಿಮಗೆ ಕೇಳಿಸುವುದು ರಿಪೀಟರಿನ ಔಟ್‌ಪುಟ್. ಅದರಲ್ಲಿ ಮಾತಾಡುವವರು ಸಾಮಾನ್ಯವಾಗಿ 600 ಕಿಲೋಹರ್ಟ್ಸ್ ಕೆಳಗೆ ಕಳಿಸುತ್ತಿರುತ್ತಾರೆ. ಅವರು ಹತ್ತಿರದವರಾದರೆ ಎರಡೂ ಪಟ್ಟಿ ಒಟ್ಟಿಗೆ ಕಾಣುತ್ತವೆ. ದಿನವಿಡೀ ಮೌನವಿರುವುದೂ ಸಹಜ. ಬೆಳಿಗ್ಗೆ ಮತ್ತು ರಾತ್ರಿ ಊಟದ ಹೊತ್ತಿನ ಆಚೀಚೆ ಪ್ರಯತ್ನಿಸಿ. ಮಾತು ಕನ್ನಡ, ಮಲಯಾಳ, ಇಂಗ್ಲಿಷ್ ಯಾವುದೂ ಆಗಿರಬಹುದು.

7. ಶಾರ್ಟ್‌ವೇವ್: ತಂತಿ ಕಟ್ಟುವುದು

ಗುಡ್ಡದ ಮರೆಯಲ್ಲಿರುವವರಿಗೆ ನನ್ನ ಸಲಹೆ: ಎರಡು ಮೀಟರ್ ಬಿಟ್ಟು ನೇರ ಇಲ್ಲಿಗೆ ಬನ್ನಿ. 7 ಮೆಗಾಹರ್ಟ್ಸ್ ಆಕಾಶಕ್ಕೆ ತಾಗಿ ಮರಳುವ ಅಲೆ, ಅದಕ್ಕೆ ಗುಡ್ಡ ಲೆಕ್ಕಕ್ಕಿಲ್ಲ.

ವಿ4ರಲ್ಲಿ ಶಾರ್ಟ್‌ವೇವನ್ನು ಡಾಂಗಲ್ ಹಿಡಿಯಬಲ್ಲ ಫ್ರೀಕ್ವೆನ್ಸಿಗೆ ಏರಿಸುವ ಅಪ್‌ಕನ್ವರ್ಟರ್ ಒಳಗೇ ಇದೆ, ಸುಮ್ಮನೆ ಟ್ಯೂನ್ ಮಾಡಿದರಾಯಿತು. ವಿ3ರಲ್ಲಿ 24 ಮೆಗಾಹರ್ಟ್ಸ್‌ಗಿಂತ ಕೆಳಗಿನದಕ್ಕೆ 'ಡೈರೆಕ್ಟ್ ಸ್ಯಾಂಪ್ಲಿಂಗ್, ಕ್ಯೂ ಬ್ರಾಂಚ್' ಆರಿಸಬೇಕು. ಆಗ ಗೇನ್ ಗುಂಡಿ ಕೆಲಸ ಮಾಡುವುದಿಲ್ಲ. ಸಾಲದ್ದಕ್ಕೆ 14.4 ಮೆಗಾಹರ್ಟ್ಸ್‌ನ ಎರಡೂ ಬದಿ ಕನ್ನಡಿಯಂತೆ ಮಡಚಿಕೊಳ್ಳುತ್ತವೆ: 14.6ರಲ್ಲಿರುವುದು 14.2ರಲ್ಲೂ ಕಾಣುತ್ತದೆ. ವಿ4 ಕೊಳ್ಳಿ ಎಂದದ್ದು ಇದಕ್ಕೇ.

ಆಂಟೆನಾಗೆ 10ರಿಂದ 15 ಮೀಟರ್ ಮನೆ ವೈರಿಂಗಿನ 1 ಸ್ಕ್ವೇರ್ ಎಂಎಂ ತಾಮ್ರದ ವೈರ್. ಪ್ಲಾಸ್ಟಿಕ್ ಸುಲಿಯಬೇಕಿಲ್ಲ. ಎರಡು ಮರಗಳ ನಡುವೆ 5–6 ಮೀಟರ್ ಎತ್ತರದಲ್ಲಿ ನೈಲಾನ್ ಹಗ್ಗದಿಂದ ಕಟ್ಟಿ. ಅಡಿಕೆ ಮರ ಗಾಳಿಗೆ ಜೋರಾಗಿ ತೂಗುತ್ತದೆ, ಬಿಗಿದು ಕಟ್ಟಿದ ತಂತಿ ಮೊದಲ ಮಳೆಗಾಳಿಗೇ ತುಂಡಾಗುತ್ತದೆ. ಒಂದು ತುದಿಯ ಹಗ್ಗವನ್ನು ರಾಟೆಯ ಮೇಲೆ ಹಾಯಿಸಿ ಮರಳು ತುಂಬಿದ ಬಾಟಲಿ ತೂಗಬಿಡಿ.

ತಂತಿಯ ಹತ್ತಿರದ ತುದಿಗೆ, ಅದನ್ನು ಕೇಬಲ್‌ಗೆ ಹೊಂದಿಸುವ 9:1 ಅನ್‌ಅನ್ ಟ್ರಾನ್ಸ್‌ಫಾರ್ಮರ್. ಅದರ ಅರ್ತ್ ಕೊಂಡಿಗೆ ನೆಲದ ಮೇಲೆ ಹಾಸಿದ 5–10 ಮೀಟರ್ ಇನ್ನೊಂದು ವೈರ್. ಮುರಕಲ್ಲಿನ ನೆಲದಲ್ಲಿ ಒಂದು ಸರಳು ಹೊಡೆದು ಅರ್ತ್ ಆಯಿತೆಂದುಕೊಳ್ಳಬೇಡಿ, ಬೇಸಗೆಯಲ್ಲಿ ಅದು ಇದ್ದೂ ಇಲ್ಲದಂತೆ. ಅನ್‌ಅನ್ ಮನೆಯಿಂದ 10 ಮೀಟರ್ ಆದರೂ ದೂರವಿರಲಿ, ಅಲ್ಲಿಂದ ಕೋಆಕ್ಸ್ (ಆರ್‌ಜಿ-6ರಂಥ ಕೇಬಲ್) ಎಳೆಯಿರಿ. ತಂತಿಯ ತುದಿಯನ್ನೇ ಕಿಟಕಿಯೊಳಗೆ ತಂದು ಡಾಂಗಲ್‌ಗೆ ಚುಚ್ಚಿದರೆ ಮನೆಯ ಗದ್ದಲವೆಲ್ಲ ಅದಕ್ಕೇ ಅಂಟಿಕೊಳ್ಳುತ್ತದೆ.

8. ಗದ್ದಲ ಹುಡುಕುವುದು

ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ನಡೆಯಲಿ. 7.1 ಮೆಗಾಹರ್ಟ್ಸ್‌ನಲ್ಲಿ ತಳದ ಗೆರೆ ಎಷ್ಟಿದೆ ಎಂದು ಬರೆದಿಟ್ಟು ಮನೆಯ ಮೇನ್ ಸ್ವಿಚ್ ಆಫ್ ಮಾಡಿ. ಇನ್‌ವರ್ಟರ್ ಇದ್ದರೆ ಅದನ್ನೂ. ಗೆರೆ 10 ಡೆಸಿಬೆಲ್ ಇಳಿದರೆ ಕಳ್ಳ ಮನೆಯೊಳಗೇ ಇದ್ದಾನೆ. ಒಂದೊಂದೇ ಎಂಸಿಬಿ ಹಾಕುತ್ತಾ ಹಿಡಿಯಿರಿ. ಮೊಬೈಲ್ ಚಾರ್ಜರ್, ಅಗ್ಗದ ಎಲ್‌ಇಡಿ ಬಲ್ಬು, ಇನ್‌ವರ್ಟರ್ ಮತ್ತು ಟೆರೇಸಿನ ಸೋಲಾರ್ ಮೊದಲ ಸಂಶಯಿತರು. ಹಗಲು ಮಾತ್ರ ಇದ್ದು ಸೂರ್ಯ ಇಳಿದೊಡನೆ ನಿಲ್ಲುವ ಗದ್ದಲವಾದರೆ ಸೋಲಾರೇ. ಕರೆಂಟು ಹೋದ ಹೊತ್ತು ಊರಿಗೆಲ್ಲ ಕತ್ತಲೆ, ಆಲಿಸುವವರಿಗೆ ಅದೇ ಒಳ್ಳೆಯ ಸಮಯ.

ಉಪಾಯ: ಕೋಆಕ್ಸ್ ಮನೆಯೊಳಗೆ ಬರುವಲ್ಲಿ 31 ಮಾದರಿಯ ಫೆರೈಟ್ ರಿಂಗ್‌ಗೆ 10–12 ಸುತ್ತು ಹಾಕಿ. ಯುಎಸ್‌ಬಿ ಕೇಬಲ್‌ನ ಎರಡೂ ತುದಿಗೆ ಕೊಂಡಿ ಫೆರೈಟ್.

9. ಶಾರ್ಟ್‌ವೇವ್ ಸರಿಯಿದೆಯೇ? ಎರಡು ಪರೀಕ್ಷೆ

ಸಂಜೆ 7.2ರಿಂದ 7.45 ಮೆಗಾಹರ್ಟ್ಸ್ ನಡುವೆ ಎಎಂ ಮೋಡ್‌ನಲ್ಲಿ ವಿದೇಶಿ ಪ್ರಸಾರಗಳು ದಪ್ಪ ಗೆರೆಗಳಾಗಿ ಕಾಣಬೇಕು. ಅನಂತರ ಯುಎಸ್‌ಬಿ ಮೋಡ್‌ನಲ್ಲಿ (ಇದು ಕೇಬಲ್ಲಿನ ಯುಎಸ್‌ಬಿಯಲ್ಲ, ಅಪ್ಪರ್ ಸೈಡ್‌ಬ್ಯಾಂಡ್) 7.074 ಅಥವಾ 14.074 ನೋಡಿ. ಎಫ್‌ಟಿ8 ಎಂಬ ಡಿಜಿಟಲ್ ವಿಧಾನದ ತೆಳು ಗೆರೆಗಳು 15 ಸೆಕೆಂಡಿಗೊಮ್ಮೆ ಶುರುವಾಗಿ ನಿಲ್ಲುತ್ತಿರುತ್ತವೆ. ಬ್ಯಾಂಡ್ ತೆರೆದಿರುವ ಹೊತ್ತಿನಲ್ಲಿ ಇಲ್ಲಿ ಜನ ಇಲ್ಲದಿರುವುದು ಅಪರೂಪ. ಡಬ್ಲ್ಯುಎಸ್‌ಜೆಟಿ-ಎಕ್ಸ್ ಎಂಬ ಪ್ರೋಗ್ರಾಂ ಹಾಕಿ ವರ್ಚುವಲ್ ಆಡಿಯೋ ಕೇಬಲ್‌ನಿಂದ (ಒಂದು ಪ್ರೋಗ್ರಾಂನ ದನಿಯನ್ನು ಇನ್ನೊಂದಕ್ಕೆ ಮುಟ್ಟಿಸುವ ಸಾಫ್ಟ್‌ವೇರ್) ದನಿ ಕೊಟ್ಟರೆ ಕಾಲ್ ಸೈನ್‌ಗಳು (ಹ್ಯಾಮ್‌ಗಳ ಗುರುತಿನ ಹೆಸರು) ಅಕ್ಷರದಲ್ಲೇ ಬರುತ್ತವೆ. ಗೆರೆ ಕಂಡರೂ ಏನೂ ಓದದಿದ್ದರೆ ಕಂಪ್ಯೂಟರ್ ಗಡಿಯಾರ ನೋಡಿ. 2 ಸೆಕೆಂಡ್ ಆಚೀಚೆಯಾದರೂ ಅದು ಕೈಕೊಡುತ್ತದೆ.

10. ಎಸ್‌ಎಸ್‌ಬಿ ಮಾತು ಹಿಡಿಯುವುದು

ಎಸ್‌ಎಸ್‌ಬಿ ಎಂದರೆ ಸಿಗ್ನಲ್‌ನ ಒಂದೇ ಬದಿ ಕಳಿಸುವ ವಿಧಾನ; ಕೆಳಬದಿಯದು ಎಲ್‌ಎಸ್‌ಬಿ, ಮೇಲ್ಬದಿಯದು ಯುಎಸ್‌ಬಿ. ರೂಢಿಯಲ್ಲಿ 10 ಮೆಗಾಹರ್ಟ್ಸ್‌ಗಿಂತ ಕೆಳಗಿನ ಹ್ಯಾಮ್ ಮಾತು ಎಲ್‌ಎಸ್‌ಬಿ, ಮೇಲಿನದು ಯುಎಸ್‌ಬಿ. 7.0ರಿಂದ 7.2ರಲ್ಲಿ ಎಲ್‌ಎಸ್‌ಬಿ, 14.0ರಿಂದ 14.35ರಲ್ಲಿ ಯುಎಸ್‌ಬಿ. ಬ್ಯಾಂಡ್‌ವಿಡ್ತ್ 2.4ರಿಂದ 2.8 ಕಿಲೋಹರ್ಟ್ಸ್, ಟ್ಯೂನಿಂಗ್ ಹೆಜ್ಜೆ 100 ಹರ್ಟ್ಸ್, ಕೊನೆಗೆ 10.

ಎಫ್‌ಎಂ ಅಭ್ಯಾಸದವರು ಪಟ್ಟಿಯ ನಡುವಿಗೆ ಒತ್ತುತ್ತಾರೆ. ಎಸ್‌ಎಸ್‌ಬಿಯಲ್ಲಿ ಹಾಗೆ ಮಾಡಿದರೆ ಬಾತುಕೋಳಿ ದನಿಯೇ ಗತಿ. ಇಲ್ಲಿ ಟ್ಯೂನಿಂಗ್ ಗೆರೆ ಪಟ್ಟಿಯ ಅಂಚಿನಾಚೆ ಇರಬೇಕು. ಎಲ್‌ಎಸ್‌ಬಿಯಲ್ಲಿ ಪಟ್ಟಿಯ ಬಲ ಅಂಚು ದಟ್ಟವಾಗಿ, ಕತ್ತರಿಸಿದಂತೆ ಇರುತ್ತದೆ, ಎಡಕ್ಕೆ ಹೋದಂತೆ ತೆಳುವಾಗುತ್ತದೆ. ಗೆರೆಯನ್ನು ಬಲ ಅಂಚಿನಿಂದ 200–300 ಹರ್ಟ್ಸ್ ಬಲಕ್ಕೆ ಇಡಿ. ಯುಎಸ್‌ಬಿಯಲ್ಲಿ ಇದರ ತಿರುಗು: ಎಡ ಅಂಚಿನಿಂದ ಎಡಕ್ಕೆ. ದನಿ ಕೀರಲಾದರೆ ಗೆರೆ ಅಂಚಿನಿಂದ ದೂರ ಹೋಗಿದೆ, ಗೊಗ್ಗರಾದರೆ ಹತ್ತಿರ ಬಂದಿದೆ. ಎಷ್ಟು ತಿರುಗಿಸಿದರೂ ಮಾತು ಬಿಡಿಸದಿದ್ದರೆ ಸೈಡ್‌ಬ್ಯಾಂಡ್ ಅದಲುಬದಲಾಗಿದೆ.

ಕಿವಿ ಪಳಗಲು ಡಾಂಗಲ್ ಬೇಕೆಂದೇನಿಲ್ಲ. ನೆದರ್ಲೆಂಡ್ಸ್‌ನ ಟ್ವೆಂಟೆ ವಿಶ್ವವಿದ್ಯಾಲಯದ ವೆಬ್‌ಎಸ್‌ಡಿಆರ್ ಅನ್ನು ಬ್ರೌಸರ್‌ನಲ್ಲಿ ತೆರೆದು ಒಂದೆರಡು ಸಂಜೆ ಎಸ್‌ಎಸ್‌ಬಿ ಹಿಡಿಯುವುದನ್ನಷ್ಟೇ ಅಭ್ಯಾಸ ಮಾಡಿ.

ಹೊತ್ತು: 7 ಮೆಗಾಹರ್ಟ್ಸ್‌ನಲ್ಲಿ ಬೆಳಗ್ಗೆ ಮತ್ತು ಸಂಜೆ ಭಾರತದವರು, ರಾತ್ರಿ ದೂರದವರು. 14 ಮೆಗಾಹರ್ಟ್ಸ್ ಮಧ್ಯಾಹ್ನದ ಮೇಲೆ. 21 ಮತ್ತು 28 ಹಗಲಿಗೆ ಮಾತ್ರ. ಕಾಲ್ ಸೈನ್ ವಿಯುನಿಂದ ಶುರುವಾದರೆ ಭಾರತ. 'ವಿಕ್ಟರ್ ಯೂನಿಫಾರ್ಮ್ ಟು' ಅಥವಾ 'ತ್ರೀ' ಎಂದು ಕೇಳುತ್ತದೆ. 4ಎಸ್ ಶ್ರೀಲಂಕಾ, ಎ6 ಯುಎಇ, ಎ4 ಒಮಾನ್. ನಮಗೆ ಎದುರು ಕಡಲಿನ ಲಕ್ಷದ್ವೀಪ ವಿಯು7, ಅದು ಕೇಳಿಸಿದರೆ ಅದೃಷ್ಟ.

11. ಬಾಹ್ಯಾಕಾಶ ನಿಲ್ದಾಣ

ಕಣಿವೆಯವರಿಗೂ ಎರಡು ಮೀಟರ್‌ನಲ್ಲಿ ಸಿಗುವ ಅತಿಥಿ ಇದು. ಡೌನ್‌ಲಿಂಕ್ ಮಾತು 145.800, ಡೇಟಾ 145.825, ರಿಪೀಟರ್ ನಡೆಯುವಾಗ 437.800 ಮೆಗಾಹರ್ಟ್ಸ್. ಹೆವನ್ಸ್-ಅಬವ್ ಎಂಬ ಜಾಲತಾಣದಲ್ಲಿ ನಿಮ್ಮ ಊರು ಹಾಕಿ, 30 ಡಿಗ್ರಿಗಿಂತ ಮೇಲೆ ಹಾಯುವ ಹೊತ್ತು ಆರಿಸಿ. ಒಂದು ಸಲಕ್ಕೆ ಅದು ಸಿಗುವುದು ಸುಮಾರು 10 ನಿಮಿಷ ಅಷ್ಟೇ. 145.800ರಲ್ಲಿ ಡಾಪ್ಲರ್ (ನಿಲ್ದಾಣದ ವೇಗದಿಂದ ಫ್ರೀಕ್ವೆನ್ಸಿ ಜರಗುವುದು) ಸುಮಾರು 3.5 ಕಿಲೋಹರ್ಟ್ಸ್ ಮಾತ್ರ, ಬ್ಯಾಂಡ್‌ವಿಡ್ತ್ 20 ಕಿಲೋಹರ್ಟ್ಸ್ ಮಾಡಿದರೆ ಮುಟ್ಟಬೇಕಿಲ್ಲ. 437.800ರಲ್ಲಿ 10 ಕಿಲೋಹರ್ಟ್ಸ್, ಬರುವಾಗ 437.810ರಿಂದ ಶುರು ಮಾಡಿ ಇಳಿಸುತ್ತಾ ಬನ್ನಿ. ಅಂದ ಹಾಗೆ, ಹಳೆಯ ಮಾರ್ಗದರ್ಶಿಗಳು ಹೇಳುವ 137 ಮೆಗಾಹರ್ಟ್ಸ್‌ನ ನೋವಾ 15, 18, 19 ಹವಾಮಾನ ಉಪಗ್ರಹಗಳನ್ನು 2025ರಲ್ಲಿ ನಿಲ್ಲಿಸಲಾಗಿದೆ, ಅವುಗಳಿಗೆ ಕಾಯಬೇಡಿ.

ಸಿಡಿಲು ಮತ್ತು ಮಳೆ

ಏಪ್ರಿಲ್–ಮೇ ಮತ್ತು ಅಕ್ಟೋಬರ್–ನವೆಂಬರ್‌ನ ಮಧ್ಯಾಹ್ನದ ಮೇಲೆ ಇಲ್ಲಿ ಸಿಡಿಲು ಹೆಚ್ಚು. ವಾಟರ್‌ಫಾಲ್‌ನಲ್ಲಿ ಅಡ್ಡಕ್ಕೆ ಇಡೀ ಪರದೆ ಸೀಳುವ ಗೆರೆಗಳು, ಕಿವಿಯಲ್ಲಿ ಚಟಪಟ ಶುರುವಾದರೆ ಗುಡುಗು ಕೇಳಿಸುವ ತನಕ ಕಾಯದೆ ಕೇಬಲ್ ಕಳಚಿ ಮನೆಯ ಹೊರಗೆ ಹಾಕಿ. ಆಕಾಶ ಆಗಲೇ ಗುಡುಗುತ್ತಿದ್ದರೆ ಕೇಬಲ್ ಮುಟ್ಟಲೇಬೇಡಿ. ಆಲಿಸಿ ಮುಗಿದ ಮೇಲೆ ಕಳಚಿಡುವುದನ್ನೇ ರೂಢಿ ಮಾಡಿಕೊಳ್ಳಿ.

ಹೊರಗಿನ ಕನೆಕ್ಟರ್‌ಗೆ ಎಳೆದು ಸುತ್ತುವ ರಬ್ಬರ್ ಟೇಪು, ಅದರ ಮೇಲೆ ಸಾಮಾನ್ಯ ಟೇಪು. ಕೇಬಲ್ ಗೋಡೆಯೊಳಗೆ ಹೋಗುವ ಮೊದಲು ಕೆಳಕ್ಕೆ ಜೋಲುವ ಒಂದು ಬಳುಕು ಕೊಡಿ, ನೀರು ಅಲ್ಲಿಂದ ತೊಟ್ಟಿಕ್ಕಲಿ. ಜೂನ್‌ನಲ್ಲಿ ಚೆನ್ನಾಗಿದ್ದದ್ದು ಆಗಸ್ಟ್‌ಗೆ ಮಂಕಾದರೆ ಕೋಆಕ್ಸ್ ತುದಿ ಕತ್ತರಿಸಿ ನೋಡಿ. ಹೆಣೆದ ತಾಮ್ರ ಕಪ್ಪಾಗಿದ್ದರೆ ನೀರು ಹೊಕ್ಕಿದೆ, ಒಣಗಿಸಿ ಪ್ರಯೋಜನವಿಲ್ಲ, ಬದಲಿಸಿ.

ಕೇಳುವುದರ ಗಡಿ

ಹ್ಯಾಮ್ ಮಾತುಕತೆ ಯಾರೂ ಕೇಳಬಹುದಾದದ್ದು. ಅದೇ ಡಾಂಗಲ್‌ಗೆ ಪೊಲೀಸ್, ಬಂದರು, ವಿಮಾನದ ಸಿಗ್ನಲ್‌ಗಳೂ ಸಿಗುತ್ತವೆ. ಅವನ್ನು ಬೆನ್ನಟ್ಟಬೇಡಿ, ಕಿವಿಗೆ ಬಿದ್ದರೂ ರೆಕಾರ್ಡ್ ಮಾಡಿ ವಾಟ್ಸಾಪ್‌ನಲ್ಲಿ ಹಂಚಬೇಡಿ. ಆರ್‌ಟಿಎಲ್ ಡಾಂಗಲ್‌ನಿಂದ ಮಾತಾಡಲು ಆಗದು. ಮಾತಾಡಬೇಕೆಂದರೆ ದೂರಸಂಪರ್ಕ ಇಲಾಖೆಯ ಡಬ್ಲ್ಯುಪಿಸಿ ವಿಭಾಗದ ಪರೀಕ್ಷೆ ಪಾಸು ಮಾಡಿ ಲೈಸೆನ್ಸ್ ಪಡೆಯಬೇಕು.

ಕೆಟ್ಟ ಲಕ್ಷಣ, ಅದರ ಕಾರಣ

ಆಂಟೆನಾ ಕಳಚಿದರೂ ತಳದ ಗೆರೆ ಇಳಿಯುವುದಿಲ್ಲ: ಗೇನ್ ಕಡಿಮೆ, ಅಥವಾ ಕೇಬಲ್ ತುಂಡು.

ಎಲ್ಲೆಡೆ ಒಂದೇ ಹಾಡು: ಗೇನ್ ಅತಿ.

ಸಮ ಅಂತರದಲ್ಲಿ ನಿಂತ ಬೇಲಿಯಂಥ ಗೆರೆಗಳು: ಚಾರ್ಜರ್ ಅಥವಾ ಸೋಲಾರ್.

ಸಿಗ್ನಲ್ ಕಾಣುತ್ತದೆ, ದನಿಯೇ ಇಲ್ಲ: ಸ್ಕ್ವೆಲ್ಚ್ ಏರಿದೆ, ಅಥವಾ ಆಡಿಯೋ ಔಟ್‌ಪುಟ್ ಇನ್ನೂ ವರ್ಚುವಲ್ ಕೇಬಲ್‌ಗೇ ಹೋಗುತ್ತಿದೆ. ಎಫ್‌ಟಿ8 ನೋಡಿದ ಮರುದಿನ ಇದು ತಪ್ಪದೆ ಆಗುತ್ತದೆ.

ಅರ್ಧ ಗಂಟೆ ನಡೆದು ಡಾಂಗಲ್ ನಿಂತುಹೋಗುತ್ತದೆ: ಯುಎಸ್‌ಬಿ ಎಕ್ಸ್‌ಟೆನ್ಶನ್ ಕಳಪೆ, ವೋಲ್ಟೇಜ್ ಸಾಲುತ್ತಿಲ್ಲ. ಡಾಂಗಲ್ ಕೈಗೆ ಬಿಸಿ ತಾಗುವುದು ಮಾತ್ರ ದೋಷವಲ್ಲ, ಅದು ಬಿಸಿಯಾಗುವ ಜಾತಿಯೇ.